ಪ್ರಶಸ್ತಿ ಕೈಜಾರುವ ಹೊತ್ತಿಗೆ: ರೇಸ್ ಪಿಟ್‌ನ ಒಂಬತ್ತು ಪಾಠಗಳು

ಮೆಟ್ಟುಪಾಳ್ಯಂನಿಂದ ಕೊಯಮತ್ತೂರಿಗೆ ಸುಮಾರು ಮೂವತ್ತೈದು ಕಿಲೋಮೀಟರು. ಊರು ದಾಟಿ ಚೆಟ್ಟಿಪಾಳ್ಯಂ ಕಡೆ ಹೋದರೆ ಕರಿ ಮೋಟಾರ್ ಸ್ಪೀಡ್‌ವೇ ಸಿಗುತ್ತದೆ. 2.1 ಕಿ.ಮೀ. ಉದ್ದದ ಈ ಟ್ರ್ಯಾಕು 2003ರಲ್ಲಿ ಶುರುವಾಯಿತು. ಅದು ಹೊತ್ತಿರುವ ಹೆಸರು ಕೊಯಮತ್ತೂರಿನ ಎಸ್. ಕರಿವರ್ಧನ್ ಅವರದು. ಮಾರುತಿ 800ರ ಎಂಜಿನ್ ಕೂರಿಸಿ ‘ಫಾರ್ಮುಲಾ ಮಾರುತಿ’ ಎಂಬ ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿ, ಸಿಂಗಲ್ ಸೀಟರ್ ರೇಸಿಂಗನ್ನು ಸಾಮಾನ್ಯ ಹುಡುಗರ ಕೈಗೆ ಎಟುಕುವಂತೆ ಮಾಡಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ನನ್ನ ಮನೆಮಾತು ಕನ್ನಡ, ಕೆಲಸದ ಮಾತು ತಮಿಳು. ಕಾರಮಡೈ, ಸಿರುಮುಗೈ ಸುತ್ತಿನ ಎಷ್ಟೋ ಮನೆಗಳದ್ದು ಹೀಗೇ. ಕೂನೂರು, ಕೋತಗಿರಿ ಘಾಟ್ ಇಳಿದು ಮೆಟ್ಟುಪಾಳ್ಯಂ ಮಂಡಿಗೆ ಬರುವ ಆಲೂಗೆಡ್ಡೆ ಲಾರಿಗಳ ಬ್ರೇಕ್ ಬಿಚ್ಚಿ ಕೈ ಪಳಗಿಸಿಕೊಂಡೆ. ಆಮೇಲೆ ಸೇರಿದ್ದು ರೇಸ್ ತಂಡಗಳ ಪಿಟ್. ಎಲ್ಲವೂ ಸಣ್ಣ ತಂಡಗಳು: ಒಂದೋ ಎರಡೋ ಕಾರು, ನಾಲ್ಕೈದು ಹುಡುಗರು, ಯಾರದೋ ಸ್ವಂತ ದುಡ್ಡು.

ನಮ್ಮ ಕಡೆ ರೇಸ್ ಸೀಸನ್ ಹೆಚ್ಚಾಗಿ ತಮಿಳಿನ ಆಡಿ ತಿಂಗಳ (ಜುಲೈ–ಆಗಸ್ಟ್) ಗಾಳಿಯಲ್ಲಿ ಶುರುವಾಗಿ ಐಪ್ಪಸಿಯ (ಅಕ್ಟೋಬರ್–ನವೆಂಬರ್) ಮಳೆಯಲ್ಲಿ ಮುಗಿಯುತ್ತದೆ. ಅಕ್ಟೋಬರ್ ಬರುವಷ್ಟರಲ್ಲಿ ಅಂಕಪಟ್ಟಿ ನೋಡಿದರೆ ಮೇಲಿನ ತಂಡಕ್ಕೂ ನಮಗೂ ನಡುವೆ ಅಂತರ ಬಿದ್ದಿರುತ್ತದೆ. ಪ್ರಶಸ್ತಿ ಪೂರ್ತಿ ಹೋಗಿಲ್ಲ, ಇದೆ ಎನ್ನುವಷ್ಟೂ ಉಳಿದಿಲ್ಲ. ತಂಡಗಳು ಒಡೆಯುವುದು ಈ ಕೆಲವು ವಾರಗಳಲ್ಲೇ. ಅಂಥ ವಾರಗಳನ್ನು ದಾಟಲು ಕಲಿತದ್ದು ಇಷ್ಟು.

1. ಮೊದಲು ಲೆಕ್ಕ, ಆಮೇಲೆ ಆಸೆ

ಗ್ಯಾರೇಜಿನಲ್ಲಿ ಒಂದು ಬಿಳಿ ಬೋರ್ಡು ಇರಲಿ. ಅದರಲ್ಲಿ ಮೂರೇ ಸಂಖ್ಯೆ: ನಮ್ಮ ಅಂಕ, ಮುಂದಿರುವವನ ಅಂಕ, ಇನ್ನು ಗೆಲ್ಲಲು ಉಳಿದಿರುವ ಒಟ್ಟು ಅಂಕ. ‘ಇನ್ನೂ ಚಾನ್ಸ್ ಇದೆ’ ಎಂದೋ ‘ಎಲ್ಲ ಮುಗೀತು’ ಎಂದೋ ಹೇಳುವವರಿಗೆ ಆ ಬೋರ್ಡು ತೋರಿಸಿದರೆ ಸಾಕು, ಬಾಯಿ ತಾನಾಗಿ ತಗ್ಗುತ್ತದೆ.

ಲೆಕ್ಕ ಎಂದರೆ ಕೂಡಿಸುವುದಷ್ಟೇ ಅಲ್ಲ, ನಿಯಮದ ಪುಸ್ತಕ ಓದುವುದು. 1988ರ ಫಾರ್ಮುಲಾ ಒನ್‌ನಲ್ಲಿ ಅಲೈನ್ ಪ್ರೊಸ್ಟ್ ಗಳಿಸಿದ್ದು ಒಟ್ಟು 105 ಅಂಕ, ಐರ್ಟನ್ ಸೆನ್ನಾ 94. ಚಾಂಪಿಯನ್ ಆದದ್ದು ಸೆನ್ನಾ. ಆಗ 16 ರೇಸುಗಳಲ್ಲಿ ಅತ್ಯುತ್ತಮ 11 ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ಹಾಗೆ ಎಣಿಸಿದಾಗ ಸೆನ್ನಾ 90, ಪ್ರೊಸ್ಟ್ 87. ನಾಲ್ಕು ವರ್ಷ ಹಿಂದೆ, 1984ರಲ್ಲಿ, ಇದೇ ಪ್ರೊಸ್ಟ್ ನಿಕಿ ಲೌಡಾಗೆ ಸೋತದ್ದು ಅರ್ಧ ಅಂಕದಿಂದ. ಆ ವರ್ಷ ಮೊನಾಕೊ ರೇಸನ್ನು ಮಳೆಗಾಗಿ ನಡುವೆ ನಿಲ್ಲಿಸಿದ್ದರು. ಗೆದ್ದ ಪ್ರೊಸ್ಟ್‌ಗೆ ಸಿಕ್ಕಿದ್ದು ಒಂಬತ್ತರ ಬದಲು ನಾಲ್ಕೂವರೆ ಅಂಕ. ರೇಸ್ ಪೂರ್ತಿ ನಡೆದು ಎರಡನೆಯವನಾಗಿ ಬಂದಿದ್ದರೂ ಆರು ಸಿಗುತ್ತಿತ್ತು.

ಕೆಟ್ಟ ಫಲಿತಾಂಶ ಬಿಡುವ ಅವಕಾಶ ಇದೆಯೇ, ಅಂಕ ಸಮವಾದರೆ ಯಾರ ಗೆಲುವು ಹೆಚ್ಚು ಎಂದು ನೋಡುತ್ತಾರೆಯೇ, ರೇಸ್ ಅರ್ಧಕ್ಕೆ ನಿಂತರೆ ಏನು, ರದ್ದಾದ ರೇಸನ್ನು ಮತ್ತೆ ನಡೆಸುತ್ತಾರೆಯೇ, ಇವೆಲ್ಲ ಆ ಬೋರ್ಡಿನ ಕೆಳಗೆ ಬರೆದಿರಬೇಕು. ಎಷ್ಟೋ ತಂಡಗಳು ಇನ್ನೂ ಬಾಗಿಲು ತೆರೆದಿರುವಾಗಲೇ ಗಂಟು ಕಟ್ಟುತ್ತವೆ. ಇನ್ನು ಕೆಲವು, ಬಾಗಿಲು ಮುಚ್ಚಿ ಎರಡು ವಾರವಾದ ಮೇಲೂ ಎಂಜಿನ್‌ಗೆ ಸಾಲ ಮಾಡುತ್ತಿರುತ್ತವೆ.

2. ಅಕ್ಟೋಬರ್‌ನ ಕೊರತೆ ಜುಲೈನಲ್ಲಿ ಹುಟ್ಟಿದ್ದು

ಕೊನೆಯ ಸುತ್ತಿನಲ್ಲಿ ಜಾರಿ ಬಿದ್ದವನ ಮೇಲೆ ಎಲ್ಲರ ಕಣ್ಣು. 2006ರ ಮೋಟೊಜಿಪಿಯಲ್ಲಿ ವ್ಯಾಲೆಂಟಿನೊ ರೊಸ್ಸಿ ಎಂಟು ಅಂಕ ಮುಂದಿದ್ದುಕೊಂಡು ಕೊನೆಯ ರೇಸಿಗೆ ವಲೆನ್ಸಿಯಾಗೆ ಬಂದರು. ಅಲ್ಲಿ ಬಿದ್ದರು. ನಿಕಿ ಹೇಡನ್ 252 ಅಂಕ ಪಡೆದು ಚಾಂಪಿಯನ್, ರೊಸ್ಸಿಗೆ 247. ‘ವಲೆನ್ಸಿಯಾದಲ್ಲಿ ಬಿದ್ದದ್ದರಿಂದ ಸೋತರು’ ಎಂದು ಜನ ಇವತ್ತಿಗೂ ಹೇಳುತ್ತಾರೆ.

ಹಿಂದಕ್ಕೆ ಹೋಗಿ ನೋಡಿ. ಅದಕ್ಕೆ ಮುಂಚಿನ ರೇಸ್ ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ. ಅಲ್ಲಿ ರೊಸ್ಸಿ ಟೋನಿ ಎಲಿಯಾಸ್‌ಗೆ ಸೋತದ್ದು 0.002 ಸೆಕೆಂಡಿನಿಂದ. ಮೊದಲ ಸ್ಥಾನಕ್ಕೆ 25, ಎರಡನೆಯದಕ್ಕೆ 20. ಹೋದದ್ದು ಸರಿಯಾಗಿ ಐದು ಅಂಕ. ಅದು ಕೈಯಲ್ಲಿದ್ದಿದ್ದರೆ ಅಂಕ ಸಮ, ಗೆಲುವುಗಳ ಎಣಿಕೆಯಲ್ಲಿ ರೊಸ್ಸಿ ಮೇಲು. ಇನ್ನೂ ಹಿಂದಕ್ಕೆ ಹೋದರೆ ಸೀಸನ್‌ನ ಮೊದಲ ರೇಸು, ಹೆರೆಸ್. ಮೊದಲ ತಿರುವಿನಲ್ಲೇ ಇದೇ ಎಲಿಯಾಸ್ ಬಂದು ಗುದ್ದಿದ್ದರಿಂದ ರೊಸ್ಸಿ ಬಿದ್ದು, ಎದ್ದು, ಹದಿನಾಲ್ಕನೆಯವರಾಗಿ ಮುಗಿಸಿದ್ದರು.

ಇದನ್ನು ನಾನು ಪಿಟ್‌ನ ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ. ಕೊನೆಯ ರೇಸಿನ ಡ್ರೈವರ್ ಹೆಗಲ ಮೇಲೆ ಇಡೀ ವರ್ಷದ ಮೂಟೆ ಹೊರಿಸಬೇಡಿ. ಜುಲೈನಲ್ಲಿ ಸಡಿಲವಾಗಿದ್ದ ಬ್ಯಾಟರಿ ಟರ್ಮಿನಲ್, ಆಗಸ್ಟ್‌ನಲ್ಲಿ ತಡವಾಗಿ ಗ್ರಿಡ್‌ಗೆ ಹೋದ ಕಾರು, ಇವೆಲ್ಲದರ ಬಿಲ್ಲು ಅಕ್ಟೋಬರ್‌ನಲ್ಲಿ ಬರುತ್ತದೆ. ಬಿಲ್ಲು ತಂದವನ ಜೊತೆ ಜಗಳಾಡಿ ಪ್ರಯೋಜನವಿಲ್ಲ. ಹೊಸ ಸಾಲ ಮಾಡದಿರುವುದಷ್ಟೇ ಈಗ ನಮ್ಮ ಕೈಯಲ್ಲಿರುವುದು.

3. ಹೊಸ ಮಂತ್ರ ಹುಡುಕಬೇಡಿ

ಹಿಂದೆ ಬಿದ್ದ ತಂಡಕ್ಕೆ ಊರೆಲ್ಲ ಸಲಹೆಗಾರರು. ಸ್ಪ್ರಿಂಗ್ ಬದಲಿಸು, ಕ್ಯಾಂಬರ್ ಇನ್ನಷ್ಟು ಕೊಡು, ಗೇರ್ ಅನುಪಾತ ತಿರುಗಿಸು. ಎಲ್‌ಜಿಬಿ ಫಾರ್ಮುಲಾ 4ರಂಥ, ಎಲ್ಲರಿಗೂ ಒಂದೇ ಮಾದರಿಯ ಕಾರಿರುವ ಕ್ಲಾಸಿನಲ್ಲಿ ಒಂದೇ ರಾತ್ರಿಯಲ್ಲಿ ಅರ್ಧ ಸೆಕೆಂಡ್ ಕೊಡುವ ಗುಟ್ಟು ಯಾರ ಬಳಿಯೂ ಇರುವುದಿಲ್ಲ. ಇದ್ದರೆ ಸ್ಕ್ರೂಟಿನಿಯವರು ಅದನ್ನು ಹುಡುಕುತ್ತಾರೆ.

ನಾನು ಮಾಡುವುದು ಉಲ್ಟಾ ಕೆಲಸ. ಕಾರು ಅತ್ಯುತ್ತಮವಾಗಿ ಓಡಿದ ವಾರಾಂತ್ಯದ ನೋಟ್‌ಬುಕ್ ತೆಗೆದು ಆ ಸ್ಥಿತಿಗೆ ಕಾರನ್ನು ವಾಪಸ್ ತರುತ್ತೇನೆ. ಸೀಸನ್ ಉದ್ದಕ್ಕೂ ಸಣ್ಣಪುಟ್ಟ ಗುದ್ದು, ಕರ್ಬ್ ಹತ್ತಿದ ಪೆಟ್ಟು, ಅವಸರದ ರಿಪೇರಿ ಎಲ್ಲ ಸೇರಿ ಕಾರು ತನ್ನ ಅಳತೆಯಿಂದ ನಿಧಾನವಾಗಿ ಸರಿದಿರುತ್ತದೆ. ಕಾರಿನ ಎರಡೂ ಬದಿಗೆ ದಾರ ಎಳೆದು ಕಟ್ಟಿ, ಸ್ಟೀಲ್ ಸ್ಕೇಲ್ ಹಿಡಿದು ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದನ್ನು ಅಳೆಯಿರಿ. ನಾಲ್ಕು ಚಕ್ರದ ತೂಕ ಹಾಕಿ. ಬಾಗಿದ ವಿಷ್‌ಬೋನ್ ಕಣ್ಣಿಗೆ ಕಾಣದಿದ್ದರೂ ದಾರಕ್ಕೆ ಸಿಗುತ್ತದೆ. ‘ಕಾರು ಮೊದಲಿನ ಹಾಗೆ ತಿರುಗ್ತಿಲ್ಲ ಅಣ್ಣ’ ಎಂದು ಡ್ರೈವರ್ ಹುಡುಗ ಹೇಳಿದರೆ ಅವನ ಧೈರ್ಯದ ಬಗ್ಗೆ ಮಾತಾಡುವ ಮುಂಚೆ ದಾರ ಕಟ್ಟಿ ನೋಡಿ.

ಬದಲಾಯಿಸಲೇಬೇಕೆಂದರೆ ಒಂದು ಸಲಕ್ಕೆ ಒಂದೇ. ಎರಡು ಬದಲಿಸಿ ಕಾರು ವೇಗವಾದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

4. ಸುಸ್ತಾದ ಲೋಹ ಸದ್ದು ಮಾಡುವುದಿಲ್ಲ

ಸೀಸನ್ ಕೊನೆಯಲ್ಲಿ ಕೈಕೊಡುವುದು ದೊಡ್ಡ ಭಾಗಗಳಿಗಿಂತ ಸಣ್ಣವು: ವೀಲ್ ಬೇರಿಂಗ್, ರಾಡ್ ಎಂಡ್, ಕ್ಲಚ್ ಕೇಬಲ್, ಸೈಲೆನ್ಸರ್ ಬ್ರಾಕೆಟ್‌ನ ವೆಲ್ಡಿಂಗ್. ಪ್ರತಿ ಭಾಗಕ್ಕೂ ಎಷ್ಟು ಗಂಟೆ ಓಡಿದೆ ಎಂಬ ಪಟ್ಟಿ ಇಟ್ಟರೆ, ಇನ್ನೂ ಚೆನ್ನಾಗಿದೆ ಎನಿಸುವಾಗಲೇ ಬದಲಿಸುವ ಧೈರ್ಯ ಬರುತ್ತದೆ.

ನನ್ನ ಹಳೆಯ ಕಸುಬು ಬ್ರೇಕ್ ಆದ್ದರಿಂದ ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಕೂನೂರು ಘಾಟ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿಕೊಂಡೇ ಇಳಿದ ಹೊಸ ಡ್ರೈವರ್‌ಗಳ ಗಾಡಿಗಳು ಕಲ್ಲಾರ್ ತಲುಪುವಾಗ ಹೊಗೆ ಕಾರುತ್ತಿದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿಯ ಎಣ್ಣೆಯನ್ನು ರೇಸ್ ಕಾರಿಗೆ ಹಾಕುವುದು ಅಂಥದ್ದೇ ಕೆಲಸ. ಪ್ರತಿ ರೌಂಡಿಗೂ ಸೀಲ್ ಒಡೆಯದ ಹೊಸ ಡಬ್ಬಿ. ಪ್ರಶಸ್ತಿ ಇರಲಿ, ಹೋಗಲಿ, ಈ ಖರ್ಚನ್ನು ಯಾವ ಮಾಲೀಕನೂ ಕತ್ತರಿಸಕೂಡದು. ಸ್ಟೀರಿಂಗ್ ಹಿಂದೆ ಕೂತಿರುವುದು ಯಾರದೋ ಮನೆಯ ಮಗು.

5. ಹಬ್ಬದ ಪಂಚಾಂಗ ರೇಸ್ ಕ್ಯಾಲೆಂಡರಿಗಿಂತ ದೊಡ್ಡದು

ಕೊಯಮತ್ತೂರಿನಲ್ಲಿ ತಂಡ ನಡೆಸುವವರಿಗೆ ದೊಡ್ಡ ಬಲ ಎಂದರೆ ಸುತ್ತಲಿನ ಲೇತ್ ಅಂಗಡಿಗಳು. ಪೀಳಮೇಡು, ಗಣಪತಿ, ಆವಾರಂಪಾಳ್ಯಂ ಕಡೆ ಪಂಪು, ಮೋಟಾರಿನ ಜಾಬ್ ವರ್ಕ್ ಮಾಡುವ ಕೈಗಳು ಒಂದು ಹಬ್ ಸ್ಪೇಸರ್ ಬೇಕೆಂದರೆ ಸಂಜೆಯೊಳಗೆ ತಿರುಗಿಸಿ ಕೊಡುತ್ತವೆ. ಆಯುಧಪೂಜೆ ಬಂದರೆ ಯಂತ್ರಗಳಿಗೆ ಅರಿಶಿನ ಕುಂಕುಮ, ಅಂಗಡಿಗೆ ಬೀಗ. ಅದರ ಬೆನ್ನಿಗೆ ದೀಪಾವಳಿ. ಕೆಲಸದ ಹುಡುಗರು ಮಧುರೆ, ದಿಂಡಿಗಲ್ ಕಡೆಯ ಊರುಗಳಿಗೆ ಬಸ್ ಹತ್ತಿದರೆ ಯಾವಾಗ ವಾಪಸ್ ಬರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ನಿಮ್ಮ ನಿರ್ಣಾಯಕ ರೇಸು ಬೀಳುವುದು ಈ ಎರಡು ಹಬ್ಬದ ಆಸುಪಾಸಿನಲ್ಲೇ. ಆದ್ದರಿಂದ ಸೆಪ್ಟೆಂಬರ್ ಮುಗಿಯುವ ಮೊದಲೇ ಬೇಕಾಗಬಹುದಾದದ್ದನ್ನೆಲ್ಲ ಎರಡೆರಡು ಮಾಡಿಸಿಟ್ಟುಕೊಳ್ಳಿ. ಲೇತ್ ಅಂಗಡಿಯ ಬಾಕಿಯನ್ನು ಹಬ್ಬಕ್ಕೆ ಮುಂಚೆ ತೀರಿಸಿ. ಹಬ್ಬದ ಖರ್ಚಿಗೆ ದುಡ್ಡು ಕೊಟ್ಟವನಿಗೆ ಹಬ್ಬ ಮುಗಿದ ಮಾರನೆಯ ದಿನ ಶಟರ್ ಎತ್ತಿಕೊಡುತ್ತಾರೆ.

ಪ್ರಾಯೋಜಕರ ವಿಷಯವೂ ಹೀಗೇ. ಕೊಯಮತ್ತೂರಿನ ಮಿಲ್ಲು, ತಿರುಪ್ಪೂರಿನ ಬನಿಯನ್ ಕಂಪನಿ, ಯಾವುದೇ ಇರಲಿ, ದೀಪಾವಳಿಗೆ ಮುಂಚೆ ಅವರ ಕೈಯ ದುಡ್ಡೆಲ್ಲ ಬೋನಸ್‌ಗೆ ಹೋಗುತ್ತದೆ. ಕೊನೆಯ ರೌಂಡಿನ ಕಂತನ್ನು ಆಗ ಕೇಳಲು ಹೋದರೆ ಕಾಫಿ ಸಿಗುತ್ತದೆ, ಚೆಕ್ ಸಿಗುವುದಿಲ್ಲ. ಸೀಸನ್ ಶುರುವಿನಲ್ಲಿ, ನೀವು ಮೊದಲ ಸ್ಥಾನದಲ್ಲಿರುವಾಗಲೇ ಕೊನೆಯ ಕಂತಿನ ತಾರೀಕು ಬರೆಸಿಕೊಳ್ಳಿ.

6. ಗಾಳಿ ಇಳಿದ ಮೇಲೆ ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಈ ಬಯಲನ್ನೆಲ್ಲ ಗುಡಿಸುತ್ತದೆ. ಪಲ್ಲಡಂ ಕಡೆ ಗಾಳಿಯಂತ್ರಗಳು ನಿಂತಿರುವುದು ಅದಕ್ಕೇ. ಟ್ರ್ಯಾಕಿನ ಮೇಲೆ ಮಣ್ಣು. ನೇರ ದಾರಿಯಲ್ಲಿ ಎದುರುಗಾಳಿ ಸಿಕ್ಕರೆ ಕೊನೆಯ ಗೇರು ಪೂರ್ತಿ ಎಳೆಯುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಗಾಳಿ ತಗ್ಗಿ ಈಶಾನ್ಯ ಮಳೆ ಹಿಡಿಯುತ್ತದೆ, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಕ್ವಾಲಿಫೈಯಿಂಗ್ ಒಣ ನೆಲದಲ್ಲಿ, ಸಂಜೆ ರೇಸ್ ಒದ್ದೆ ನೆಲದಲ್ಲಿ. ಜುಲೈನ ಸೆಟಪ್ ಹಾಳೆಯನ್ನು ಹಾಗೇ ತಂದರೆ ಕೆಲಸಕ್ಕೆ ಬಾರದು.

ಟೈರಿನ ಒತ್ತಡ ಹವೆಯ ಬಿಸಿಯ ಜೊತೆ ಏರಿಳಿಯುತ್ತದೆ. ಎಂಟು ಡಿಗ್ರಿ ಆಚೀಚೆಯಾದರೆ ಸುಮಾರು ಒಂದು ಪಿಎಸ್‌ಐ ವ್ಯತ್ಯಾಸ. ಬಿಸಿಲಲ್ಲಿಟ್ಟ ಟೈರಿಗೆ ಗಾಳಿ ತುಂಬಿ, ಮಳೆ ಸುರಿದ ಮೇಲೆ ಅಳೆಯದೆ ಗ್ರಿಡ್‌ಗೆ ಕಳಿಸುವವರು ಈಗಲೂ ಇದ್ದಾರೆ. ಮಳೆ ನಿಂತ ಕೂಡಲೇ ಡ್ರೈವರ್ ಜೊತೆ ಟ್ರ್ಯಾಕ್ ಸುತ್ತ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಅಡ್ಡ ಹರಿಯುತ್ತದೆ ಎಂಬುದನ್ನು ಕಾಲಿಂದ ನಡೆದೇ ತಿಳಿಯಬೇಕು.

ಅಂಕದಲ್ಲಿ ಹಿಂದಿರುವವನಿಗೆ ಮಳೆ ವರ. ಮುಂದಿರುವವನಿಗೆ ಕಳೆದುಕೊಳ್ಳುವ ಭಯ, ಹಿಂದಿರುವವನಿಗೆ ಅದಿಲ್ಲ. ಮಳೆಗೆ ತಯಾರಾಗಿರುವುದೇ ಕೊನೆಯ ವಾರಗಳಲ್ಲಿ ದುಡ್ಡಿಲ್ಲದ ತಂಡ ಮಾಡಬಹುದಾದ ಅತ್ಯಂತ ಅಗ್ಗದ ಹೂಡಿಕೆ.

7. ಒಬ್ಬನನ್ನೇ ನೋಡುತ್ತ ಕೂತರೆ ಇನ್ನೊಬ್ಬ ಹೋಗಿರುತ್ತಾನೆ

2010ರ ಫಾರ್ಮುಲಾ ಒನ್ ಕೊನೆಯ ರೇಸ್, ಅಬುಧಾಬಿ. ಫೆರಾರಿಯ ಫರ್ನಾಂಡೊ ಅಲೊನ್ಸೊ ಮುಂದೆ. ಮಾರ್ಕ್ ವೆಬ್ಬರ್ ಎಂಟು ಅಂಕ ಹಿಂದೆ, ಸೆಬಾಸ್ಟಿಯನ್ ವೆಟ್ಟೆಲ್ ಹದಿನೈದು ಅಂಕ ಹಿಂದೆ. ವೆಬ್ಬರ್ ಬೇಗ ಪಿಟ್‌ಗೆ ಬಂದರು. ಅವರು ಮುಂದೆ ಹೋಗದಂತೆ ತಡೆಯಲು ಫೆರಾರಿ ಅಲೊನ್ಸೊರನ್ನೂ ಕರೆಯಿತು. ಹೊರಬಂದ ಅಲೊನ್ಸೊ ವಿಟಾಲಿ ಪೆಟ್ರೊವ್ ಹಿಂದೆ ಸಿಕ್ಕಿಕೊಂಡು ಏಳನೆಯವರಾಗಿ ಮುಗಿಸಿದರು. ರೇಸ್ ಗೆದ್ದ ವೆಟ್ಟೆಲ್ ನಾಲ್ಕು ಅಂಕದಿಂದ ಚಾಂಪಿಯನ್.

ಬೆನ್ನಟ್ಟುವ ತಂಡಕ್ಕೆ ಇದರಲ್ಲಿ ಎರಡು ಮಾತಿದೆ. ಮೂರನೆಯ ಸ್ಥಾನದಲ್ಲಿದ್ದರೂ ಸುಮ್ಮನೆ ನಿಮ್ಮ ರೇಸ್ ಓಡಿ. ಮೊದಲಿಬ್ಬರು ಪರಸ್ಪರರನ್ನು ಕಾಯುತ್ತಿರುತ್ತಾರೆ. ಇನ್ನೊಂದು, ನಿಮ್ಮಲ್ಲೇ ಎರಡು ಕಾರಿದ್ದರೆ ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನು ಶುಕ್ರವಾರ ಸಂಜೆಯೇ, ಇಬ್ಬರು ಹುಡುಗರನ್ನೂ ಅವರ ಅಪ್ಪಂದಿರನ್ನೂ ಎದುರು ಕೂರಿಸಿಕೊಂಡು ತೀರ್ಮಾನಿಸಿ. ಭಾನುವಾರ ಪಿಟ್ ಗೋಡೆಯ ಮೇಲೆ ನಿಂತು ಕೈಸನ್ನೆಯಲ್ಲಿ ನ್ಯಾಯ ಹೇಳಲಾಗದು.

8. ಡ್ರೈವರ್ ಕಿವಿಗೆ ಒಂದೇ ದನಿ

ನಮ್ಮ ಕ್ಲಾಸಿನ ಡ್ರೈವರ್‌ಗಳು ಹೆಚ್ಚಿನವರು ಕಾಲೇಜು ಹುಡುಗರು. ಕೆಲವರು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿಯುತ್ತಾರೆ, ಹಿಂದೆ ಅಪ್ಪ ಅಮ್ಮ. ಪ್ರಶಸ್ತಿ ಜಾರುತ್ತಿರುವಾಗ ಎಲ್ಲರಿಗೂ ಅವನಿಗೆ ಏನಾದರೂ ಹೇಳಬೇಕೆನಿಸುತ್ತದೆ. ‘ಟೆನ್ಷನ್ ಮಾಡ್ಕೋಬೇಡ ಮಗನೇ’ ಎಂದು ಐದು ಜನ ಹೇಳಿದರೆ ಐದು ಪಟ್ಟು ಟೆನ್ಷನ್. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆವರೆಗೆ ಅವನ ಜೊತೆ ರೇಸ್ ವಿಷಯ ಮಾತಾಡುವವರು ಒಬ್ಬರೇ ಇರಲಿ. ಮಾತೂ ಕೆಲಸದ್ದಾಗಿರಲಿ. ‘ಗೆಲ್ಲಲೇಬೇಕು’ ಎಂಬುದನ್ನು ಕೇಳಿ ಅವನು ಏನು ಮಾಡಬೇಕು? ‘ಮೂರನೇ ತಿರುವಿನಲ್ಲಿ ನಿನ್ನೆಗಿಂತ ಹತ್ತು ಮೀಟರ್ ಮೊದಲು ಬ್ರೇಕ್ ಹಿಡಿ, ಹೊರಬರುವಾಗ ಬೇಗ ಗ್ಯಾಸ್ ಕೊಡು’ ಎಂದರೆ ಮಾಡಲು ಏನೋ ಇರುತ್ತದೆ.

ಅಪ್ಪಂದಿರಿಗೆ ನಾನು ಕೊಡುವ ಕೆಲಸ ಲ್ಯಾಪ್ ಟೈಮ್ ಬರೆಯುವುದು. ಕೈಯಲ್ಲಿ ಸ್ಟಾಪ್‌ವಾಚ್ ಇದ್ದರೆ ಬಾಯಿ ಸುಮ್ಮನಿರುತ್ತದೆ, ಪಟ್ಟಿಯೂ ಸಿಗುತ್ತದೆ.

9. ಪ್ರಶಸ್ತಿ ಹೋದ ಮೇಲೂ ರೇಸ್ ಉಳಿದಿರುತ್ತದೆ

ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಆ ಕಾರಿಗೆ ಪ್ರಶಸ್ತಿಯ ಮಾತು ಹಾಗಿರಲಿ, ಒಂದು ಅಂಕವೂ ಕನಸು. ಇಂಡಿಯಾನಾಪೊಲಿಸ್‌ನಲ್ಲಿ ಮಿಷೆಲಿನ್ ಟೈರಿನ ತಂಡಗಳೆಲ್ಲ ಸುರಕ್ಷತೆಯ ಕಾರಣಕ್ಕೆ ಹಿಂದೆ ಸರಿದು, ಬರೀ ಆರು ಕಾರು ಗ್ರಿಡ್‌ನಲ್ಲಿ ಉಳಿದವು. ನರೇನ್ ನಾಲ್ಕನೆಯವರಾಗಿ ಮುಗಿಸಿ ಐದು ಅಂಕ ತಂದರು, ಜೊತೆಗಾರ ತಿಯಾಗೊ ಮೊಂಟೇರೊ ಮೂರನೆಯವರಾಗಿ ಆರು. ವರ್ಷದ ಕೊನೆಗೆ ಜೋರ್ಡನ್ 12, ಮಿನಾರ್ಡಿ 7. ಆ ಹನ್ನೆರಡರಲ್ಲಿ ಹನ್ನೊಂದು ಅಂಕ ಆ ಒಂದೇ ಮಧ್ಯಾಹ್ನದ್ದು. ‘ಆರೇ ಕಾರು ಇದ್ದವು’ ಎಂದು ಕೆಲವರು ಮೂಗು ಮುರಿದರು. ಆರರಲ್ಲಿ ಒಂದಾಗಿ ಕೊನೆಯವರೆಗೆ ಓಡುವ ಕಾರನ್ನು ತಯಾರು ಮಾಡಿದ್ದು ಮೆಕ್ಯಾನಿಕ್‌ಗಳು ಎಂಬುದು ನಮ್ಮಂಥವರಿಗೆ ಗೊತ್ತು.

ಹಾಗಾಗಿ ಲೆಕ್ಕದ ಪ್ರಕಾರ ಎಲ್ಲ ಮುಗಿದ ದಿನ ನಾನು ಬೋರ್ಡು ಒರೆಸಿ ಹೊಸ ಪಟ್ಟಿ ಬರೆಯುತ್ತೇನೆ. ಎರಡನೆಯ ಸ್ಥಾನ ಉಳಿಸಿಕೊಳ್ಳಬಹುದೇ? ತಂಡದ ಅಂಕಪಟ್ಟಿಯಲ್ಲಿ ಒಂದು ಮೆಟ್ಟಿಲು ಏರಬಹುದೇ? ಮುಂದಿನ ಜನವರಿಯಲ್ಲಿ ಪ್ರಾಯೋಜಕರ ಎದುರು ಇಡುವುದು ಇವನ್ನೇ. ಜೊತೆಗೆ, ಸೀಸನ್ ನಡುವೆ ಧೈರ್ಯವಾಗದ ಪ್ರಯೋಗಗಳನ್ನು ನಿಯಮದ ಒಳಗೇ ಮಾಡಿ ನೋಡಲು ಇದೇ ಹೊತ್ತು. ಮೂರನೆಯ ಪಾಠದಲ್ಲಿ ಬೇಡವೆಂದ ಸ್ಪ್ರಿಂಗನ್ನು ಈಗ ಹಾಕಿ. ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಹುಡುಗನಿಗೆ ಈ ಸಲ ಕಾರಿನ ಒಂದು ಮೂಲೆಯ ಪೂರ್ತಿ ಜವಾಬ್ದಾರಿ ಕೊಡಿ. ಗೆದ್ದವರ ಮೇಲೆ ಹೊಟ್ಟೆಯುರಿಗೆ ಪ್ರೊಟೆಸ್ಟ್ ಹಾಕಬೇಡಿ; ನಿಜವಾದ ಅನುಮಾನವಿದ್ದರೆ ಸೀಸನ್ ನಡುವೆಯೇ, ನಿಯಮದ ನಂಬರ್ ಬರೆದು ಹಾಕಬೇಕಿತ್ತು.

ರೇಸ್ ಮುಗಿದ ಸೋಮವಾರ ಕಾರಿಗೆ ಟಾರ್ಪಾಲ್ ಹೊದಿಸಿ ಮನೆಗೆ ಹೋಗುವ ತಂಡಗಳೇ ಹೆಚ್ಚು. ಅವತ್ತೇ ಎಂಜಿನ್ ಇಳಿಸಿ, ಬೇರಿಂಗ್ ಬಿಚ್ಚಿ, ಯಾವುದು ಎಷ್ಟು ಸವೆದಿದೆ ಎಂದು ಬರೆದಿಡಿ, ನೆನಪು ಹಸಿಯಾಗಿರುತ್ತದೆ. ಮುಂದಿನ ಜುಲೈನ ಮೊದಲ ರೇಸಿನ ಅಂಕಕ್ಕೂ ನವೆಂಬರ್‌ನ ಕೊನೆಯ ರೇಸಿನ ಅಂಕಕ್ಕೂ ಬೆಲೆ ಒಂದೇ. ಅದನ್ನು ಈಗಲೇ ನಂಬಿ ಕೆಲಸಕ್ಕಿಳಿದ ತಂಡಕ್ಕೆ ಬರುವ ಅಕ್ಟೋಬರ್‌ನಲ್ಲಿ ಈ ಪಾಠಗಳಲ್ಲಿ ಅರ್ಧದಷ್ಟು ಬೇಕಾಗುವುದಿಲ್ಲ.